ದೊಡ್ಡ ತೊಟ್ಟಿಯ ಬೆಳಕು

ನಲವತ್ತು ವರ್ಷ ಮೀನು ಮಾರಿದವಳು ಮೀನು ಈಜುವುದನ್ನು ಒಮ್ಮೆಯೂ ಕಂಡಿರಲಿಲ್ಲ ಎಂದರೆ ಯಾರು ತಾನೇ ನಂಬುತ್ತಾರೆ? ಆದರೆ ಅಮ್ಮನ ಪಾಲಿಗೆ ಮೀನೆಂದರೆ ಬುಟ್ಟಿಯಲ್ಲಿ ಮಲಗಿರುವುದು, ಅಷ್ಟೇ. ಕಿವಿರು ಎತ್ತಿ ನೋಡಿ ಇವತ್ತಿನದೋ ನಿನ್ನೆಯದೋ ಹೇಳಿಬಿಡುತ್ತಿದ್ದಳು. ಅವಳ ಮುಂದೆ ಯಾವ ಗಿರಾಕಿಯ ಬೇಳೆಯೂ ಬೇಯುತ್ತಿರಲಿಲ್ಲ.

ಮಗಳಿಗೆ ಊರಿನ ದೊಡ್ಡ ಮತ್ಸ್ಯಾಲಯದಲ್ಲಿ ಕೆಲಸ. ಹಿಂಬದಿಯ ಕೋಣೆಯಲ್ಲಿ ಕೂತು ಸಣ್ಣ ಮೀನು ಹೆಚ್ಚಿ ದೊಡ್ಡ ಮೀನಿಗೆ ಹಾಕಬೇಕು. ನಾನು ಮನುಷ್ಯರಿಗೆ ಹೆಚ್ಚಿಕೊಟ್ಟೆ, ನೀನು ಮೀನಿಗೇ ಹೆಚ್ಚಿಕೊಡುತ್ತೀಯಲ್ಲೇ ಎಂದು ಅಮ್ಮ ನಗುತ್ತಿದ್ದಳು. ಎಷ್ಟು ಕರೆದರೂ ನೋಡಲು ಮಾತ್ರ ಬರುತ್ತಿರಲಿಲ್ಲ. ಆರು ವರ್ಷದ ಹಿಂದೆ ಅಪ್ಪನ ದೋಣಿ ಸಮುದ್ರದಲ್ಲಿ ಮಗುಚಿತ್ತು. ದೋಣಿ ಸಿಕ್ಕಿತು, ಅಪ್ಪ ಸಿಗಲಿಲ್ಲ. ಅಂದಿನಿಂದ ಅಮ್ಮನನ್ನು ಕೊರೆಯುತ್ತಿದ್ದುದು ಒಂದೇ ಪ್ರಶ್ನೆ: ಅವರಿರುವ ಕಡೆ ಬೆಳಕಿದೆಯೋ, ಬರೀ ಕತ್ತಲೆಯೋ? ಊಟ ಮಾಡುವಾಗ ಕೇಳುವಳು, ಪಾತ್ರೆ ತೊಳೆಯುವಾಗ ಕೇಳುವಳು. ಮಗಳು ಮಾತು ಬದಲಿಸುವಳು.

ಈಗ ಅಮ್ಮನ ಕಣ್ಣಿಗೆ ಪೊರೆ ಬರುತ್ತಿತ್ತು. ಇನ್ನು ತಡಮಾಡಿದರೆ ಕಂಡ ಹಾಗೆಯೇ ಎಂದು ಕೊನೆಗೂ ಒಪ್ಪಿದಳು. ಸೋಮವಾರ ಮತ್ಸ್ಯಾಲಯಕ್ಕೆ ರಜೆ, ಕೆಲಸದವರ ಮನೆಯವರಿಗೆ ಮಾತ್ರ ಬಾಗಿಲು ತೆರೆದಿರುತ್ತದೆ. ಗದ್ದಲವಿರುವುದಿಲ್ಲ ಎಂದು ಮಗಳು ಆ ದಿನವನ್ನೇ ಆರಿಸಿದಳು.

ದೊಡ್ಡ ಗಾಜಿನ ತೊಟ್ಟಿಯಲ್ಲಿದ್ದದ್ದು ಅವರದೇ ಸಮುದ್ರದ ಮೀನುಗಳು. ಬಂಗುಡೆಯ ಹಿಂಡು ಒಂದಕ್ಕೊಂದು ತಾಗದೆ ಒಟ್ಟಿಗೆ ತಿರುಗಿತು. ಅಮ್ಮ ಬಾಯಿ ಬಿಟ್ಟುಕೊಂಡು ನಿಂತಳು. ನೀರೆಲ್ಲ ತಿಳಿಬೆಳಕು, ತಳದ ಮರಳು ಕೂಡ ಹೊಳೆಯುತ್ತಿತ್ತು.

"ಅಲ್ಲೂ ಹೀಗೇ ಬೆಳಕಿರುತ್ತಾ?"

ತೊಟ್ಟಿಯ ನೆತ್ತಿಯ ಮೇಲೆ ಹನ್ನೆರಡು ದೊಡ್ಡ ದೀಪಗಳಿದ್ದವು. ಮಗಳು ದಿನವೂ ಅವುಗಳ ಕೆಳಗೇ ನಿಂತು ಮೀನಿಗೆ ಮೇವು ಹಾಕುತ್ತಿದ್ದವಳು.

"ಹೀಗೇ ಇರುತ್ತಮ್ಮ," ಎಂದಳು, ಸತ್ಯದ ತಲೆಯ ಮೇಲೆ ಹೊಡೆದ ಹಾಗೆ.

ಅಮ್ಮನ ಮುಖ ಸಡಿಲಾಯಿತು. ಆರು ವರ್ಷದಲ್ಲಿ ಆ ಮುಖ ಅಷ್ಟು ಹಗುರವಾಗಿದ್ದನ್ನು ಮಗಳು ಕಂಡಿರಲಿಲ್ಲ. ಸುಳ್ಳು ಹೇಳಿದ್ದಕ್ಕೆ ಅವಳಿಗೆ ಸಂತೋಷವೇ ಆಯಿತು.

ಆದರೆ ರಜೆಯ ದಿನ ದೀಪ ನೋಡಿಕೊಳ್ಳುವವನು ಸುಮ್ಮನೆ ಕೂರುವುದಿಲ್ಲ. ದೀಪದ ಗಾಜಿಗೆ ಹತ್ತಿದ ಉಪ್ಪನ್ನು ಒರೆಸಲು ಅವನ್ನೆಲ್ಲ ಆರಿಸುತ್ತಾನೆ. ಮಗಳಿಗೆ ಅದು ನೆನಪಾಗುವಷ್ಟರಲ್ಲಿ ತೊಟ್ಟಿ ಕಪ್ಪಾಗಿತ್ತು. ಒಂದು ಮೀನೂ ಕಾಣಲಿಲ್ಲ.

ಮಗಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಬೇಗ ದೀಪ ಹಾಕಲು ಹೇಳಿಬರುತ್ತೇನೆಂದು ಹೊರಟವಳ ಕೈಯನ್ನು ಅಮ್ಮ ಹಿಡಿದುಕೊಂಡಳು.

"ಬೇಡ ಕಣೇ. ಅವತ್ತು ಕತ್ತಲೇಲಿ ನಿಮ್ಮಪ್ಪ ಒಬ್ಬರೇ ಇದ್ರು. ಸ್ವಲ್ಪ ಹೊತ್ತು ಜೊತೆಗಿರ್ತೀನಿ."

ಎಂದು ಗಾಜಿಗೆ ಹಣೆ ಹಚ್ಚಿ ನಿಂತಳು.