ಕಡ ತಂದ ಹಣಗಿ

“ಬರ್ತೀನ್ರಿ ಅಕ್ಕಾರ” ಎಂದು ಮುರಗೆಪ್ಪ ಹೊಸ್ತಿಲಲ್ಲಿ ನಿಂತು ಕೈಮುಗಿದಾಗ ಗುರುಬಸವ್ವನ ಕೈಯಲ್ಲಿದ್ದ ಮೊರ ಅಲ್ಲಿಗೇ ನಿಂತಿತು. ನಾಲ್ಕು ಜೋಳದ ಕಾಳು ನೆಲಕ್ಕೆ ಸಿಡಿದವು.

ಸತ್ತ ಮನೆಗೆ ಬಂದವರು ಹೋಗುವಾಗ ಆ ಮಾತು ಆಡುವುದಿಲ್ಲ. ಎದ್ದು, ಚಪ್ಪಲಿ ಮೆಟ್ಟಿ, ಹಿಂದೆ ನೋಡದೆ ನಡೆಯುತ್ತಾರೆ. ಬರ್ತೀನಿ ಅಂದರೆ ಇಂಥದೇ ಇನ್ನೊಂದಕ್ಕೆ ಬರ್ತೀನಿ ಅಂದ ಹಾಗೆ. ಐದು ದಿನದಲ್ಲಿ ಬನಹಟ್ಟಿಯ ಅರ್ಧ ಊರು ಬಂದು ಕೂತು ಹೋಗಿತ್ತು. ಒಬ್ಬರ ಬಾಯಿಂದಲೂ ಅದು ಜಾರಿರಲಿಲ್ಲ.

“ಕೇಳಿದೇನ ಅವನ ಮಾತು?” ಅವನು ಓಣಿಯ ತಿರುವು ದಾಟುವ ಮೊದಲೇ ಗುರುಬಸವ್ವ ಸೊಸೆಯತ್ತ ತಿರುಗಿದಳು. “ಮಗನ್ನ ಮಣ್ಣಿಗಿಟ್ಟು ಆರ ದಿನಾ ಆಗಿಲ್ಲ, ಬರ್ತೀನಂತ! ಯಾರ್ನ ಒಯ್ಯಾಕ ಬರ್ತಾನಂತ? ಜೈಲಿನ್ಯಾಗ ಹನ್ನೊಂದ ವರ್ಷ ಇದ್ದಂವಗ ರೀತಿ ರಿವಾಜು ಎಲ್ಲಿಂದ ಬರಬೇಕು.”

ಕಾವ್ಯ ರೊಟ್ಟಿ ಬಡಿಯುತ್ತಿದ್ದಳು. ಕೊನೆಯ ನೆಂಟರು ನಿನ್ನೆ ಸಂಜೆಯ ಮುಧೋಳದ ಬಸ್ಸಿಗೆ ಹೋಗಿದ್ದರು. ಆಚೆ ಮನೆಯವರು ಅನ್ನ ತಂದುಕೊಡುವುದೂ ನಿಂತಿತ್ತು. ನಳದಲ್ಲಿ ನೀರು ಬಂದಿತ್ತು, ಎರಡು ಕೊಡ ತುಂಬಿದ್ದಳು. ಒಲೆ ಹಚ್ಚಿದ್ದಳು. ಗಂಡ ಗೌರೀಶ ಬೈಕಿನ ಮೇಲೆ ಹೋಗಿ, ಜಮಖಂಡಿ ರಸ್ತೆಯಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಬಡಿದ ದಿನದಿಂದ ಅವಳಿಗೆ ಏನೂ ಅನ್ನಿಸಿರಲಿಲ್ಲ. ಅಳುವವರ ನಡುವೆ ಕೂತು ಅವಳು ಕಿಟಕಿಯ ಸರಳು ಎಣಿಸಿದ್ದಳು. ಏಳು.

“ಮತ್ತ, ಅರ್ಧ ತಾಸು ಕುಂತ. ಒಂದ ಮಾತಾಡಲಿಲ್ಲ. ಬರೇ ಗ್ವಾಡಿ ನೋಡಿದ. ಗ್ವಾಡ್ಯಾಗ ಏನೈತಿ?”

ಕಾವ್ಯ ತಿರುಗಿ ನೋಡಿದಳು. ಗೋಡೆಯಲ್ಲಿ ಒಂದು ಮೊಳೆ, ಮೊಳೆಗೆ ಸಂಸ್ಥೆಯ ಕೀಲಿ.

ಗೌರೀಶ ಅದನ್ನು ಸಂಸ್ಥೆ ಅಂತಲೇ ಕರೆಯುತ್ತಿದ್ದ. ನೂಲಿನ ಗೋದಾಮಿನ ಮೇಲೆ ಎರಡು ಖೋಲಿ, ಒಂದು ಮೇಜು. ಶಿಕ್ಷೆ ಮುಗಿಸಿ ಬಂದವರಿಗೆ ಆಧಾರ ಕಾರ್ಡು ಮಾಡಿಸುವುದು, ಬಾಗಿಲು ತೆರೆಯದ ಅಣ್ಣತಮ್ಮಂದಿರ ಮನೆಗೆ ನಾಲ್ಕು ಸಲ ಹೋಗಿ ಐದನೆಯ ಸಲ ಚಹಾ ಕುಡಿದು ಬರುವುದು, ಕೆಲಸ ಹುಡುಕುವುದು. ಗಂಡ ಹೆಂಡತಿ ಇಬ್ಬರೂ ಧಾರವಾಡದಲ್ಲಿ ಸಮಾಜಕಾರ್ಯ ಓದಿದವರು. ಓದಿದ್ದನ್ನು ಅವನು ಮಾಡುತ್ತಿದ್ದ. ಅವಳು ಅವನ ಅರ್ಜಿಗಳ ಕಾಗುಣಿತ ತಿದ್ದುತ್ತಿದ್ದಳು.

ಅವಳು ಕೈ ತೊಳೆದು ಕೀಲಿ ತೆಗೆದುಕೊಂಡಳು.

“ಎಲ್ಲಿಗೆ ಹೊಂಟಿ ಬೇ?”

“ಇಲ್ಲೇ ಅತ್ತಿ. ಹಂಚಿನ ಮ್ಯಾಲೊಂದ ರೊಟ್ಟಿ ಐತಿ, ತಿರುವಿ ಹಾಕ್ರಿ.”

ಮುರಗೆಪ್ಪ ಗೋದಾಮಿನ ಮೆಟ್ಟಿಲ ಮೇಲೆ ಕೂತಿದ್ದ. ನಲವತ್ತೈದರ ಆಳು, ಗಿಡ್ಡ, ಕೈಗಳು ಮಾತ್ರ ದೊಡ್ಡವು. ಅವಳನ್ನು ಕಂಡು ದಡಬಡಿಸಿ ಎದ್ದ.

“ಕೀಲಿ ಬೇಕಾಗಿತ್ತೇನು?”

“ಹೂಂರಿ.”

“ಕೇಳಬೇಕಿಲ್ಲೋ?”

“ಹನ್ನೊಂದ ವರ್ಷ ಕೀಲಿ ಇದ್ದವ್ರ ಮುಂದ ಕೈ ಕಟ್ಟಿ ನಿಂತಂವ ನಾ. ಕೀಲಿ ಕೊಡ್ರಿ ಅಂತ ಹೆಂಗ ಕೇಳಬೇಕ್ರಿ? ಬಾಯಿಗೆ ಬರಲಿಲ್ಲ.”

ಅವಳು ಬಾಗಿಲು ತೆರೆದಳು. ಆರು ದಿನದ ಮುಗ್ಗಲು ವಾಸನೆ. ಬಾಗಿಲಿನ ಒಳಮೈಗೆ ಸುಣ್ಣದ ಕಡ್ಡಿಯಲ್ಲಿ ಗೌರೀಶನ ದೊಡ್ಡ ಅಕ್ಷರ: ‘ಹೋಗ್ತೀನಿ ಅನ್ನಬ್ಯಾಡ. ಬರ್ತೀನಿ ಅನ್ನು.’

“ಇದೇನಿದು?”

ಮುರಗೆಪ್ಪ ನೆಲ ನೋಡಿದ. “ಗೌರೀಶ ಸರ್ ನನಗಂತ ಬರೆದಿದ್ದ್ರಿ. ಜೈಲಿನಿಂದ ಬಿಡುಗಡಿ ಆದಂವ ಗೇಟಿನ್ಯಾಗ ಬರ್ತೀನಿ ಅನ್ನಬಾರದ್ರಿ. ಅಂದ್ರ ಮತ್ತ ಒಳಗ ಬರ್ತಾನಂತ. ಹೋಗ್ತೀನಿ ಅಂತನಽ ಹೊರಗ ಬರಬೇಕು. ನನಗ ಅದಽ ಚಾಳಿ ಬಿತ್ತು. ಚಹಾದಂಗಡಿ, ಬ್ಯಾಂಕು, ಎಲ್ಲಾ ಕಡೆ ಹೋಗ್ತೀನಿ, ಹೋಗ್ತೀನಿ. ಮಂದಿ ಕೆಕ್ಕರಿಸಿ ನೋಡಾವ್ರು. ಸರ್ ಅಂದ್ರು, ಮುರಗೆಪ್ಪಾ, ನೀ ಎಲ್ಲಿಗೂ ಹೋಗೂದ ಬ್ಯಾಡ, ಬರ್ತೀನಿ ಅನ್ನೂದ ಕಲಿ. ದಿನಾ ಈ ಬಾಗಿಲದಾಗ ನಿಲ್ಲಿಸಿ ಹತ್ತ ಸಲ ಅನ್ನಿಸಾವ್ರು.” ಆಮೇಲೆ ಕೇಳಿದ, “ಇವತ್ತ ನಿಮ್ಮ ಮನಿಯಾಗ ಎಡವಟ್ಟಾತಲ್ರಿ?”

ಕಾವ್ಯಳ ಗಂಟಲಿನಿಂದ ಏನೋ ಹೊರಬಂತು. ಕೆಮ್ಮೋ ಏನೋ ಅಂದುಕೊಂಡ ಮುರಗೆಪ್ಪ ನೀರಿನ ಬಾಟ್ಲಿಗಾಗಿ ಸುತ್ತ ನೋಡಿದ. ಅವಳು ನಗುತ್ತಿದ್ದಳು. ಬಾಗಿಲ ಚೌಕಟ್ಟು ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. ಮುರಗೆಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತುಕೊಂಡ, ಯಾರೋ ಹೊರಡು ಅನ್ನುವವರೆಗೆ ನಿಲ್ಲಲು ಕಲಿತವನ ಹಾಗೆ.

ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು ಅವಳೇ ಕೇಳಿದಳು. “ಒಳಗ ಏನ ಬೇಕಾಗಿತ್ತು?”

ಅವನು ಮೂಲೆಗೆ ಬೆರಳು ಮಾಡಿದ. ಎರಡು ಕುರ್ಚಿಗಳ ಬೆನ್ನಿಗೆ ಆನಿಸಿಟ್ಟ ಹಣಗಿ. ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ತಂತಿ ಕೂಡಿಸಿದ, ಎರಡು ಮೊಳದ ಮಗ್ಗದ ಚೌಕಟ್ಟು. ಪ್ರತಿ ತಂತಿಯ ಸಂದಿಯಲ್ಲಿ ಒಂದು ಹಳೆಯ ಎಳೆ. ಮಗ್ಗದ ಮೇಲೆ ಹಾಸು, ಅಂದರೆ ಉದ್ದನೆಯ ಎಳೆಗಳು, ಮುಗಿದಾಗ ಆ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಕೆಚ್ಚುವುದು ಅನ್ನುತ್ತಾರೆ. ಜಗಳದಲ್ಲಿ ಒಬ್ಬನ ತಲೆಗೆ ಕಟ್ಟಿಗೆಯಿಂದ ಹೊಡೆದು ಜೈಲು ಸೇರುವ ಮುಂಚೆ ಮುರಗೆಪ್ಪನ ಕೆಲಸ ಅದೇ ಆಗಿತ್ತು.

“ಪದ್ಮವ್ವಾರ ಮಗ್ಗದ್ದ್ರಿ. ಸರ್ ಕಡ ತಂದಿದ್ರು, ನನ್ನ ಕೈ ರೂಢಿ ಆಗ್ಲಿ ಅಂತ. ಹದಿನೈದ ದಿನದಾಗ ಕೆಚ್ಚಿ ತಂದು ತೋರಿಸ್ರಿ, ಎಳಿ ನಿಂತ್ರ ಕೆಲಸ ಕೊಡ್ತೀನಿ, ಇಲ್ಲಾಂದ್ರ ಬ್ಯಾರೆದಂವನ್ನ ಕರಕೊಂತೀನಿ ಅಂದಾರ. ಹದಿನೈದ ಇವತ್ತಿಗೆ ಆತ್ರಿ.”

“ಮತ್ತ ಒಯ್ದು ತೋರಿಸು.”

“ಇನ್ನೂ ಗೇಣು ಉಳದೈತಿ. ಮುಗಿಸಿದ್ರೂ…” ಅವನು ತಲೆ ಕೆರೆದುಕೊಂಡ. “ಗೌರೀಶನ ಕೈಯಾಗ ಕೊಟ್ಟೀನಿ, ಗೌರೀಶನ ಕೈಲೆ ತಿರುಗಿ ಬರಬೇಕು ಅಂದಿದ್ರಿ ಆಕಿ. ನಾ ಒಬ್ಬಾವ ಹೊತಕೊಂಡ ಹೋದ್ರ, ಸತ್ತವ್ರ ಖೋಲಿ ಒಡೆದು ತಂದ ಅಂತಾರ.”

ಕಾವ್ಯ ಕಿಟಕಿ ತೆರೆದಳು. “ಕೂಡು, ಮುಗಿಸು.”

ಅವನು ಕೂತ. ಎರಡು ಎಳೆ ಹಿಡಿದ, ಬಿಟ್ಟ. “ಬೂದಿ ಬೇಕ್ರಿ. ಬೆರಳಿಗೆ ಹಚ್ಚದಿದ್ರ ಎಳಿ ಜಾರ್ತಾವ. ತಂದಿದ್ದು ತೀರಿತು.”

ಕೆಳಗೆ ಗೋದಾಮು, ಎದುರಿಗೆ ಬ್ಯಾಂಕು. ಒಲೆ ಎಲ್ಲಿಯದು? ಗೋಡೆಯ ಮಾಡದಲ್ಲಿ ಗೌರೀಶನ ವಿಭೂತಿ ಗಟ್ಟಿ ಇತ್ತು. ಅವಳು ಅದನ್ನು ಮುರಿದು ಅಂಗೈಯಲ್ಲಿ ಪುಡಿಮಾಡಿ ಮುಂದೆ ಹಿಡಿದಳು.

“ಇದು ಬ್ಯಾಡ್ರಿ ಅಕ್ಕಾರ!”

“ಇದೂ ಬೂದೀನ ಅಲ್ಲೇನು?”

ಅವನು ಹಣೆಗೆ ಒಂದಿಷ್ಟು ಹಚ್ಚಿಕೊಂಡು ಆಮೇಲೆ ಬೆರಳಿಗೆ ಹಚ್ಚಿಕೊಂಡ. ದೊಡ್ಡ ಕೈಗಳು ಎಳೆಗೆ ಎಳೆ ತಾಗಿಸಿ, ಒಂದು ಸುತ್ತು ತಿರುವಿ, ಮಡಚಿ ಹೊಸೆದು ಬಿಟ್ಟವು. ಮತ್ತೊಂದು. ಮತ್ತೊಂದು. ಕಾವ್ಯ ಎದುರಿಗೆ ಕೂತು ನೋಡಿದಳು. ಬೆಳಗಿನಿಂದಲೂ ಬನಹಟ್ಟಿಯ ಮಗ್ಗಗಳು ಖಟಖಟ ಅನ್ನುತ್ತಲೇ ಇದ್ದಿರಬೇಕು. ಈಗ ಅವಳಿಗೆ ಕೇಳಿಸಿತು.

ಮಧ್ಯಾಹ್ನದ ಬಿಸಿಲಲ್ಲಿ ಇಬ್ಬರೂ ಹೊರಟರು. ಹಣಗಿಯನ್ನು ಅವಳೇ ಎರಡೂ ತೋಳಿನ ಮೇಲೆ ಹೊತ್ತಿದ್ದಳು, ಮಲಗಿದ ಕೂಸನ್ನು ಎತ್ತಿಕೊಂಡಂತೆ. ಹೊಸ ಎಳೆಗಳ ಉಂಡೆ ಹಿಡಿದು ಅವನು ಎರಡು ಹೆಜ್ಜೆ ಹಿಂದೆ. ಕಟ್ಟೆಯ ಮೇಲಿನ ಹೆಂಗಸರು ಮಾತು ನಿಲ್ಲಿಸಿ ನೋಡಿದರು.

ಪದ್ಮವ್ವ ಆರು ಮಗ್ಗದ ಒಡತಿ. ಬಿಳಿ ಸೀರೆ, ಮಗ್ಗದ ಸದ್ದಿಗೆ ಕಿವಿಯಲ್ಲಿ ಹತ್ತಿ. ಶೆಡ್ಡಿನ ಬಾಗಿಲಿಗೇ ಬಂದು ನಿಂತಳು.

“ವಾರ ಆಗಿಲ್ಲ, ಹೊರಗ ಬಂದೀಯೇನ ತಂಗಿ?”

“ಅವ್ರು ನಿಮ್ಮ ಕಡೆ ಕಡ ತಂದಿದ್ರು. ಕೊಡಾಕ ಬಂದೀನ್ರಿ.”

ಪದ್ಮವ್ವ ಅವಳ ಮುಖವನ್ನು ತುಸು ಹೊತ್ತು ನೋಡಿದಳು. “ನಮ್ಮವ್ರು ಹೋದಾಗ ನಾ ಮೂರನೇ ದಿನಕ್ಕ ಮಗ್ಗ ಚಾಲೂ ಮಾಡಿದ್ದೆ. ಊರಾಗಿನ ಬಾಯಿ ವರ್ಷಗಟ್ಲೆ ಮುಚ್ಚಲಿಲ್ಲ. ಬಾ ಒಳಗ.” ಆಮೇಲೆ ಮುರಗೆಪ್ಪನ ಕಡೆ ಗದ್ದ ಎತ್ತಿದಳು. “ಇವನ ಕೈ ಹೆಂಗಂತ ಊರಿಗೆಲ್ಲಾ ಗೊತ್ತೈತಿ. ಹೊಡೆಯೂದು ಬ್ಯಾರೆ, ಕೆಚ್ಚೂದು ಬ್ಯಾರೆ.”

“ಹೌದ್ರೆವ್ವಾ,” ಅಂದ ಮುರಗೆಪ್ಪ. “ಹೊಡೆಯಾಕ ಒಂದ ಗಳಿಗಿ ಸಾಕಾತ್ರಿ. ಇದಕ್ಕ ಹದಿನೈದ ದಿನ ಹಿಡೀತು.”

ಪದ್ಮವ್ವ ಹಣಗಿಯನ್ನು ಎದೆಯ ಮಟ್ಟಕ್ಕೆ ಗಟ್ಟಿಯಾಗಿ ಹಿಡಿಯಲು ಕಾವ್ಯಳಿಗೆ ಹೇಳಿ, ಮುಂದಿನ ಹಳೆಯ ಎಳೆಗಳನ್ನೆಲ್ಲ ಮುಷ್ಟಿಯಲ್ಲಿ ಕೂಡಿಸಿ ಎಳೆಯತೊಡಗಿದಳು. ಹೊಸೆದ ಗಂಟುಗಳು ತಂತಿಯ ಸಂದಿಗೆ ಬಂದವು. ಅವು ಒಂದೊಂದಾಗಿ ತೂರಿ ದಾಟುವುದು ಕಾವ್ಯಳ ಅಂಗೈಗೆ ಗೊತ್ತಾಗುತ್ತಿತ್ತು, ಸಣ್ಣ ಸಣ್ಣ ನಡುಕ. ಆರುನೂರು ಎಳೆ.

ಕೊನೆಯ ಗೇಣಿನಲ್ಲಿ ಒಂದು ಕಡಿಯಿತು. ಪಕ್ಕದಲ್ಲೇ ಇನ್ನೊಂದು.

ಅವನ ಕೈ ಮುಂದೆ ಬಂದು ಗಾಳಿಯಲ್ಲೇ ನಿಂತಿತು. ಅವನು ಪದ್ಮವ್ವನ ಮುಖ ನೋಡಿದ.

“ನನ್ನ ಮಾರಿ ಏನ ನೋಡ್ತಿ?” ಪದ್ಮವ್ವ ಗದರಿದಳು. “ಕೆಚ್ಚಿದ ಎಳಿ ಕಡಿಯೋದು ಹೊಸಾದೇನ? ಎರಡಽ ಕಡದಾವ. ಕೂಡಿಸು. ಕೂಡಿಸಿ ಆ ಮೂರನೇ ಮಗ್ಗದ ಮುಂದ ಕೂಡು, ಮುಂಜಾನಿಂದ ಹಾಸು ಮುಗಿದು ನಿಂತೈತಿ.”

ಅವನು ಬಗ್ಗಿದ. ಎರಡು ಎಳೆ ಕೂಡಿಸಿ, ತಲೆ ಎತ್ತದೆ, ಮೂರನೇ ಮಗ್ಗದ ಕಡೆ ನಡೆದ.

“ಕೊಡು ಇಲ್ಲೆ,” ಎಂದು ಪದ್ಮವ್ವ ಎರಡೂ ಕೈ ಚಾಚಿದಳು.

ಕಾವ್ಯ ಕೊಟ್ಟಳು. ಅಷ್ಟು ಹೊತ್ತು ಭಾರ ಹೊತ್ತಿದ್ದ ತೋಳುಗಳು, ಅವಳು ಎತ್ತದಿದ್ದರೂ, ತಾವಾಗಿಯೇ ಸ್ವಲ್ಪ ಮೇಲೆದ್ದವು. ಹಾಗೇ ಒಂದು ಗಳಿಗೆ ಗಾಳಿಯಲ್ಲಿ ನಿಂತವು.