ಹುಬ್ಬಿನ ಮೇಲಿನ ಗೀರು

ಫೋನಿನಲ್ಲಿ ಬ್ಯೂಟಿ ಫಿಲ್ಟರಿನ ಚುಕ್ಕಿಯನ್ನು ಹೆಬ್ಬೆರಳಿನಿಂದ ಇನ್ನೂ ಸ್ವಲ್ಪ ಬಲಕ್ಕೆ ಎಳೆದಳು. ಫೋಟೊದಲ್ಲಿ ಸತ್ತವಳ ಕೆನ್ನೆ ನುಣ್ಣಗಾಯಿತು. ಇನ್ನೂ ಎಳೆದಳು. ಕಣ್ಣಡಿಯ ಕಪ್ಪು ಹೋಯಿತು, ಹುಬ್ಬಿನ ಮೇಲಿನ ಗೀರೂ ಹೋಯಿತು.

ಗಂಡನ ಮೊದಲ ಹೆಂಡತಿಯದು ಅಂತ ಮನೆಯಲ್ಲಿ ಇದ್ದದ್ದು ಗೋಡೆಯ ಮೇಲಿನ ಆ ಒಂದೇ ಫೋಟೊ, ಅದೂ ಮಾಸಿತ್ತು. ಮದುವೆಯಾಗಿ ಹೊರಟು ನಿಂತ ಮಗಳು, "ಚಿಕ್ಕಮ್ಮಾ, ಅಮ್ಮನ ಫೋಟೊನ ನಿಮ್ಮ ಫೋನಲ್ಲಿ ಸ್ವಲ್ಪ ನೀಟು ಮಾಡ್ಕೊಡಿ, ಫ್ರೇಮ್ ಹಾಕಿಸ್ಕೊಂಡು ಹೋಗ್ತೀನಿ" ಅಂದಿದ್ದಳು. ಕಲೆ ತೆಗೆದು ಒಂದಿಷ್ಟು ಬೆಳಕು ಕೊಟ್ಟಿದ್ದರೆ ಸಾಕಿತ್ತು. ಆದರೆ ಈ ಮನೆಗೆ ಕಾಲಿಟ್ಟ ದಿನದಿಂದ ಗೋಡೆಯ ಮೇಲೆ ಕೂತು ನೋಡುತ್ತಲೇ ಇದ್ದವಳು ಕೈಗೆ ಸಿಕ್ಕರೆ ಯಾರು ಬಿಡುತ್ತಾರೆ? ಕೆಡಿಸಿದರೆ ಗೊತ್ತಾಗಿಬಿಡುತ್ತದೆ. ಚೆಂದ ಮಾಡಿ ಮಾಡಿಯೇ ಅಳಿಸಿದರೆ ಯಾರೂ ಬೈಯುವಂತಿಲ್ಲ.

ಮಗಳು ನೋಡಿ ಕುಣಿದೇಬಿಟ್ಟಳು. "ಅಯ್ಯೋ, ನಮ್ಮಮ್ಮ ಹೀರೋಯಿನ್ ಥರ ಇದ್ಲಲ್ಲಾ!"

ಇದೊಂದು ಬಾಕಿ ಇತ್ತು. ಹೊಟ್ಟೆಯ ಉರಿ ಇಳಿಯುವ ಬದಲು ಏರಿತು.

ಮನೆಯ ಮುಂಗೋಣೆಯೇ ಗಂಡನ ಕ್ಷೌರದಂಗಡಿ. ಗಿರಾಕಿಯ ಕೆನ್ನೆಗೆ ನೊರೆ ಬಳಿದು ಕತ್ತಿ ಎತ್ತಿಕೊಂಡಿದ್ದವನ ಮುಂದೆ ಫೋನ್ ಹಿಡಿದಳು.

"ಯಾರೇ ಇದು?"

"ಚೆನ್ನಾಗಿ ಕೇಳಿದ್ರಿ. ನಿಮ್ಮ ಹೆಂಡ್ತಿ ಕಣ್ರೀ!"

"ಹೋಗೇ, ಇವಳಲ್ಲ. ಎಡ ಹುಬ್ಬಲ್ಲಿ ಗೀರಿತ್ತಲ್ಲ, ಅಲ್ಲಿ ಕೂದಲೇ ಬೆಳೀತಿರಲಿಲ್ಲ. ನಕ್ಕಾಗ ಅದೊಂದು ಹುಬ್ಬು ಮಾತ್ರ ಮೇಲೆ ಹೋಗೋದು." ಹೇಳುತ್ತಾ ಹೇಳುತ್ತಾ ಅವನ ಬೆರಳು ತನ್ನದೇ ಹುಬ್ಬನ್ನು ಸವರುತ್ತಿತ್ತು.

ಅವಳು ಚುಕ್ಕಿಯನ್ನು ಎಡಗಡೆ ಕೊನೆಯವರೆಗೂ ಎಳೆದಳು. ಗೀರು ವಾಪಸು ಬಂತು. ಫೋನನ್ನು ಕನ್ನಡಿಯ ಕೆಳಗೆ ಕುಕ್ಕಿದಳು.

"ರೀ, ಕಣ್ಣು ಮುಚ್ಚಿ."

"ಯಾಕೇ?"

"ಮುಚ್ಚಿ ಅಂದ್ನಲ್ಲ. ಈಗ ನನ್ನ ಮುಖದಲ್ಲಿ ಏನೇನಿದೆ ಹೇಳಿ ನೋಡೋಣ."

ಅವನು ನಗುತ್ತಲೇ ಕಣ್ಣು ಮುಚ್ಚಿದ. ನಗು ಮೆಲ್ಲಗೆ ಆರಿತು.

"ಏನಾದ್ರೂ ಒಂದು ಹೇಳಿಬಿಡು ಮಾರಾಯಾ," ಗಿರಾಕಿ ತುಟಿ ಅಲುಗಿಸದೆ ಅಂದ, "ಕತ್ತಿ ಹಿಡ್ಕೊಂಡು ಕಣ್ಣು ಮುಚ್ಚಿದ್ದೀಯ, ನನಗೆ ಜೀವ ಬಾಯಿಗೆ ಬಂದಿದೆ."

ಗಂಡ ರೆಪ್ಪೆಗಳನ್ನು ಇನ್ನಷ್ಟು ಬಿಗಿ ಮಾಡಿದ. ಕನ್ನಡಿಯಲ್ಲಿ ಅವಳ ಗದ್ದದ ಮೇಲಿನ ಕಪ್ಪು ಮಚ್ಚೆ, ದಿನಾ ಅವನ ಕಣ್ಣೆದುರಿಗೇ ಓಡಾಡುವ ಮಚ್ಚೆ, ಅಲುಗದೆ ಕಾಯುತ್ತಿತ್ತು. ಗಿರಾಕಿಯ ಕೆನ್ನೆಯ ನೊರೆ ಅಂಚಿನಿಂದ ಒಣಗುತ್ತಾ ಬಂತು.