ಕಾಲ್ಗುಣ ಕೆಟ್ಟವನ ಸೀಟು

ಮೊದಲು ನಮ್ಮ ಫುಟ್‌ಬಾಲ್ ತಂಡದ ಮಾಲೀಕನಿಗೆ ಎರಡು ಮಾತು ಬೈದು ಮುಂದುವರಿಯುತ್ತೇನೆ. ಇಲ್ಲದಿದ್ದರೆ ಈ ಕತೆ ನನ್ನ ಗಂಟಲಿನಿಂದ ಹೊರಡುವುದಿಲ್ಲ. ಇದ್ದ ಒಬ್ಬ ಒಳ್ಳೆಯ ಗೋಲ್‌ಕೀಪರನನ್ನು ಮಾರಿ, ಆ ಜಾಗಕ್ಕೆ ತನ್ನ ಹೆಂಡತಿಯ ಅಣ್ಣನ ಮಗನನ್ನು ತಂದು ನಿಲ್ಲಿಸಿದ. ಚೆಂಡನ್ನು ಕೈಗೆ ಕೊಟ್ಟರೂ ಬೀಳಿಸುವ ಆಸಾಮಿ ಅವನು. ಕೋಚ್ ಎಂಬ ಮಹಾನುಭಾವ ಸೋತಾಗಲೆಲ್ಲ ಮೈದಾನದ ಹುಲ್ಲನ್ನು ದೂರುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹೀಗೆ ಸೋಲುತ್ತ ಸೋಲುತ್ತ ಲೀಗ್‌ನ ಕಟ್ಟಕಡೆಯ ಸ್ಥಾನಕ್ಕೆ ಬಂದೆವು. ಕಡೆಯಲ್ಲಿ ಉಳಿದವರು ಮುಂದಿನ ವರ್ಷ ಕೆಳಗಿನ ದರ್ಜೆಗೆ ಇಳಿಯಬೇಕು. ಹಾಗೆ ಇಳಿದವರು ಬೇಗ ಮೇಲೆ ಬಂದದ್ದನ್ನು ನಾನಂತೂ ಕಂಡಿಲ್ಲ.

ನನ್ನ ಕೆಲಸ ಬಸ್ಸಿನ ಸೀಟು ಹೊಲಿಯುವುದು. ಡಿಪೋದ ಹಿಂದಿನ ಶೆಡ್ಡಿನಲ್ಲಿ ಹರಿದ ರೆಕ್ಸಿನ್ ಕಿತ್ತು, ಕುಸಿದ ಫೋಮ್ ಬದಲಿಸಿ, ಹೊಸ ಹೊದಿಕೆ ಎಳೆದು ಕೂರಿಸುತ್ತೇನೆ. ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ಎಲ್ಲರೂ ನನ್ನನ್ನು ಕೆಂಡ ಎನ್ನುತ್ತಾರೆ. ಮಗಳು ಅದೇ ಡಿಪೋದಲ್ಲಿ ಬಸ್ ಓಡಿಸುತ್ತಾಳೆ. ಅವಳು ನನ್ನ ಹೆಗಲ ಮೇಲೆ ಕೂರುತ್ತಿದ್ದ ಕಾಲದಿಂದಲೂ ನಾವಿಬ್ಬರು ಜೊತೆಯಲ್ಲೇ ಪಂದ್ಯ ನೋಡಿದವರು. ಸ್ಟೇಡಿಯಂನಲ್ಲಿ ನಮ್ಮದು ಪಕ್ಕಪಕ್ಕದ ಎರಡು ಸೀಟು, ವರ್ಷದ ಪಾಸು. ಆ ಪ್ಲಾಸ್ಟಿಕ್ ಸೀಟಿನ ಮೇಲೆ ಕೂರುವುದೆಂದರೆ ಶಿಕ್ಷೆ. ಅದಕ್ಕೆಂದೇ ತಂಡದ ಹಸಿರು ಬಣ್ಣದ ರೆಕ್ಸಿನ್‌ನಲ್ಲಿ ಎರಡು ದಿಂಬು ಹೊಲಿದಿದ್ದೆ. ಒಂದು ಅವಳಿಗೆ, ಒಂದು ನನಗೆ.

ಆ ದರಿದ್ರ ದಿನಗಳಲ್ಲೊಮ್ಮೆ, ಇನ್ನೇನು ಪಂದ್ಯ ಸೋತೆವು ಎನ್ನುವಾಗ, ಇದು ತಂಡವಲ್ಲ ಹೆಣದ ಮೆರವಣಿಗೆ ಎಂದು ಕೂಗಿ ಎದ್ದು ಹೊರಟುಬಿಟ್ಟೆ. ಗೇಟು ದಾಟಿದ್ದೇ ತಡ, ಹಿಂದಿನಿಂದ ಜನರ ಆರ್ಭಟ ಕೇಳಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಓಡಿ ಬಂದರೆ ಗೇಟಿನವನು ಒಳಗೆ ಬಿಡಲಿಲ್ಲ. ಎರಡು ಗೋಲು ಹೊಡೆದು ನಾವು ಗೆದ್ದಿದ್ದೆವು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೇ. ಆದರೆ ನಮ್ಮ ಸಾಲಿನ ಹಿರಿತಲೆ, ಕ್ಷೌರದಂಗಡಿಯವನು, ಕೊಂಬೆಯ ವಿಚಾರ ಬಿಟ್ಟು ಕಾಗೆಯನ್ನೇ ಹಿಡಿದುಕೊಂಡ.

ಆ ಸಿಟ್ಟಿಗೆ ಮುಂದಿನ ಪಂದ್ಯಕ್ಕೆ ನಾನು ಹೋಗಲೇ ಇಲ್ಲ. ಪಾಸನ್ನು ಭಾವಮೈದನ ಕೈಗೆ ಎಸೆದೆ. ಅವನು ಲೈಬ್ರರಿಯಲ್ಲಿ ಕೆಲಸದವನು. ಜನರನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟುಕೊಳ್ಳುವುದೇ ಅವನ ಜನ್ಮದ ಸಾಧನೆ. ಅರ್ಧ ಆಟ ಮುಗಿದ ಮೇಲೆ ತಂಡಗಳು ಆಚೀಚೆ ಬದಲಾದದ್ದನ್ನು ಕಂಡು, ನಮ್ಮವರು ತಮ್ಮ ಗೋಲಿಗೆ ತಾವೇ ಯಾಕೆ ಹೊಡೆಯುತ್ತಿದ್ದಾರೆ ಎಂದು ಮಗಳನ್ನು ಕೇಳಿದನಂತೆ. ಆ ಪಂದ್ಯ ಗೆದ್ದೆವು. ಅದರ ಮುಂದಿನದನ್ನೂ ಗೆದ್ದೆವು. ಆಮೇಲೆ ನಾನು ಮಾನ ಮರ್ಯಾದೆ ನುಂಗಿಕೊಂಡು ನನ್ನ ಸೀಟಿಗೆ ಮರಳಿದೆ. ಅರ್ಧ ಆಟದೊಳಗೇ ನಮ್ಮ ಬಲೆಯಲ್ಲಿ ಮೂರು ಗೋಲು.

ಕ್ಷೌರದವನು ಚಹಾ ತಂದುಕೊಟ್ಟು, ಎಂದೂ ಇಲ್ಲದ ವಿನಯದಿಂದ ಪಕ್ಕದಲ್ಲಿ ಕೂತ. ಆ ವಿನಯಕ್ಕೇ ನನ್ನ ಮೈ ಉರಿಯಿತು.

"ತಪ್ಪು ತಿಳ್ಕೋಬೇಡಿ ಕೆಂಡಣ್ಣ," ಎಂದ. "ನಿಮ್ಮ ಕಾಲ್ಗುಣ ಯಾಕೋ ಸರಿಯಿಲ್ಲ. ಸ್ವಲ್ಪ ದಿನ ಮನೇಲೇ ಇರಿ."

ಚೆಂಡನ್ನು ಕಾಲ ಸಂದಿಯಲ್ಲಿ ಬಿಡುವವರ ಕಾಲ್ಗುಣ ಚೆನ್ನಾಗಿದೆಯಂತೆ, ಬದುಕಿನಲ್ಲಿ ಒಂದು ಚೆಂಡನ್ನೂ ಒದೆಯದ ನನ್ನದು ಕೆಟ್ಟದ್ದಂತೆ. ಬಾಯಿಗೆ ಬಂದಂತೆ ಬೈದೆ. ಆದರೆ ಮರುವಾರ ಪಾಸು ಮತ್ತೆ ಭಾವಮೈದನ ಜೇಬು ಸೇರಿತು. ಹೆಂಡತಿಯೇ ತೆಗೆದುಕೊಟ್ಟಿದ್ದಳು. ಮತ್ತೆ ಗೆದ್ದೆವು.

ನಿಜವಾಗಿ ನನ್ನನ್ನು ಕೊಂದದ್ದು ಆಸೆ. ಈ ತಂಡ ಸತ್ತಿತು ಎಂದು ಅತ್ತು, ಸ್ನಾನ ಮಾಡಿ, ನೆಮ್ಮದಿಯಾಗಿದ್ದೆ. ಜಗಳವಾಡಿ ಹೋದ ನೆಂಟ ಗಂಟುಮೂಟೆ ಸಮೇತ ವಾಪಸು ಬಂದಂತೆ ಹಾಳು ಆಸೆ ಮತ್ತೆ ಮನೆ ಹೊಕ್ಕಿತು. ಶೆಡ್ಡಿನಲ್ಲಿ ಹೊಲಿಯುತ್ತ ಕೂತರೆ ಸೂಜಿ ಬೆರಳಿಗೇ ಹೋಗುತ್ತಿತ್ತು. ಆ ಹನ್ನೊಂದು ಜನರಿಗೆ ಗೆಲ್ಲುವುದು ಗೊತ್ತಿದ್ದರೆ ಇಷ್ಟು ದಿನ ಏನು ಕಡಿದು ಕಟ್ಟೆ ಹಾಕುತ್ತಿದ್ದರು?

ಕಡೆಯ ಪಂದ್ಯ ನಮ್ಮ ಮೈದಾನದಲ್ಲೇ, ಅದೂ ನಮಗಿಂತ ಒಂದೇ ಮೆಟ್ಟಿಲು ಮೇಲಿದ್ದ ತಂಡದ ಜೊತೆ. ಗೆದ್ದರೆ ನಾವು ಉಳಿಯುತ್ತೇವೆ, ಅವರು ಇಳಿಯುತ್ತಾರೆ. ಸಮವಾದರೂ ಇಳಿಯುವವರು ನಾವೇ. ಇಂಥ ದಿನ ಮಗಳ ಪಕ್ಕದಲ್ಲಿ ನಾನಿರಬೇಕು. ಗೆದ್ದರೆ ಅವಳು ನನ್ನ ಕುತ್ತಿಗೆಗೆ ಜೋತುಬೀಳಬೇಕು, ಸೋತರೆ ನನ್ನ ತೋಳಿಗೆ ಮುಖ ಒರಸಿಕೊಳ್ಳಬೇಕು. ನನಗೆ ಬೇಕಿದ್ದದ್ದು ಅಷ್ಟೇ. ಬೆಳಗ್ಗೆ ಹಸಿರು ಅಂಗಿ ತೊಟ್ಟು ನಿಂತೆ. ಹುಟ್ಟಿದಾಗಿನಿಂದ ಒಂದು ಪಂದ್ಯವನ್ನೂ ನೋಡದ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಮಗಳು ಶೂ ಕಟ್ಟಿಕೊಳ್ಳುತ್ತಿದ್ದಳು. ತಲೆ ಎತ್ತಲಿಲ್ಲ.

"ಇವತ್ತೊಂದು ದಿನ ಬೇಡ ಅಪ್ಪ."

ಕ್ಷೌರದವನ ಮಾತಾದರೆ ತಡೆದುಕೊಂಡೇನು. ಇವಳ ಮಾತು ನೇರ ಎದೆಗೆ ನಾಟಿತು.

"ಹೆಗಲ ಮೇಲೆ ಹೊತ್ಕೊಂಡು ಆಟ ತೋರಿಸಿದೋನು ನಾನು. ಈಗ ನಿನ್ನ ಮಾವ ದೇವರಾದ್ನಾ?"

"ಮಾವ ದೇವರಲ್ಲ. ಆದ್ರೆ ಗೆಲ್ತಿದೀವಲ್ಲ."

ಭಾವಮೈದ ನನ್ನ ಹಸಿರು ದಿಂಬನ್ನು ಪುಸ್ತಕದಂತೆ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಬೇಕಾದರೆ ತಾನು ಹೋಗುವುದಿಲ್ಲ ಎಂದು ಪಾಪ ಹೇಳಿಯೂ ಹೇಳಿದ. ತಾಯಿ ಮಗಳು ಇಬ್ಬರೂ ಒಟ್ಟಿಗೆ ಅವನ ಮೇಲೆ ಹರಿಹಾಯ್ದು ಎಳೆದುಕೊಂಡು ಹೋದರು. ಹೆಂಡತಿಯೂ ಬಸ್ ಸ್ಟಾಪಿನ ತನಕ ಹೋದಳು, ಅವನು ತಪ್ಪಿಸಿಕೊಂಡಾನೆಂದು.

ಖಾಲಿ ಮನೆಯಲ್ಲಿ ಗೋಡೆಗೆ ಬೈಯುತ್ತ ನಿಂತಾಗ ನನ್ನ ತಲೆಗೆ ಒಂದು ಯೋಚನೆ ಹೊಳೆಯಿತು. ನನ್ನ ಕಾಲ್ಗುಣ ಅಷ್ಟು ಕೆಟ್ಟದ್ದೇ? ಸರಿ, ಹಾಗಾದರೆ ಅದು ವೈರಿಗಳನ್ನೇ ಸುಡಲಿ. ಹಸಿರು ಅಂಗಿ ಬಿಚ್ಚಿ ಕೆಲಸದ ಬೂದು ಅಂಗಿ ಹಾಕಿದೆ. ಹೋಗಿ ಎದುರು ತಂಡದವರ ಗ್ಯಾಲರಿಗೆ ಟಿಕೆಟ್ ಕೊಂಡು, ಅವರ ನಡುವೆ ಕೂತೆ. ಮೂಢನಂಬಿಕೆ ಎಂದು ಇಡೀ ಬೀದಿಗೆ ಬೈದವನು ನಾನೇ.

ಪಕ್ಕದಲ್ಲಿ ನನಗಿಂತ ಹಿರಿಯ, ಬೇಕರಿಯವನು. ಉಗುರ ಸಂದಿಯಲ್ಲಿ ಇನ್ನೂ ಹಿಟ್ಟು. ಕುಡಿಯಲು ನೀರು ಕೊಟ್ಟ. ಮೊದಲ ಗೋಲು ಅವರದು. ಬೇಕರಿಯವನು ನನ್ನನ್ನು ತಬ್ಬಿಕೊಂಡು ಬೆನ್ನು ಬಡಿದ. ವೈರಿಯ ಗೋಲಿಗೆ ಹಲ್ಲು ಕಿರಿಯಬೇಕಾದ ಸಂಕಟ ಯಾರಿಗೂ ಬೇಡ. ದೂರದಲ್ಲಿ ನಮ್ಮ ಸಾಲು ಕಾಣುತ್ತಿತ್ತು. ಮಗಳು ತಲೆ ಹಿಡಿದುಕೊಂಡಿದ್ದಳು. ಪಕ್ಕದಲ್ಲಿ ನನ್ನ ದಿಂಬಿನ ಮೇಲೆ ಆ ಲೈಬ್ರರಿಯವನು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವನನ್ನು ಅಲ್ಲಿಂದಲೇ ಎತ್ತಿ ಎಸೆಯಬೇಕೆನಿಸಿತು.

ಎರಡನೆಯ ಅರ್ಧದಲ್ಲಿ ನಮ್ಮವರು ಸಮ ಮಾಡಿದರು. ನಾನು ತೊಡೆ ಚಿವುಟಿಕೊಂಡೆ. ಆಟ ಮುಗಿಯುತ್ತ ಬಂದಾಗ ಅವರಿಗೆ ಪೆನಾಲ್ಟಿ ಸಿಕ್ಕಿತು. ಗೋಲಿನಲ್ಲಿ ನಿಂತವನು ಮಾಲೀಕನ ಹೆಂಡತಿಯ ಅಣ್ಣನ ಮಗ. ಮುಗಿಯಿತು ಎಂದು ಕಣ್ಣು ಮುಚ್ಚಿದೆ. ಸುತ್ತ ಎಲ್ಲರೂ ನರಳಿದ ಸದ್ದು ಕೇಳಿ ತೆರೆದರೆ, ಚೆಂಡು ಅವನ ಎದೆಯಲ್ಲಿತ್ತು! ಎದ್ದವನೇ ಉದ್ದಕ್ಕೆ ಒದ್ದ. ನಮ್ಮವನೊಬ್ಬ ಓಡಿ ಅದನ್ನು ಕಾಲಲ್ಲಿ ಹಿಡಿದು ಬಲೆಗೆ ಹಾಕಿಯೇ ಬಿಟ್ಟ. ನಾನು ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡೆ. ಕಡೆಯ ಸೀಟಿ ಊದಿದಾಗ ಆ ಬದಿಯಲ್ಲಿ ಮಗಳು ಮಾವನ ಕುತ್ತಿಗೆಗೆ ಜೋತುಬಿದ್ದದ್ದು ಸ್ಪಷ್ಟವಾಗಿ ಕಂಡಿತು.

ಬೇಕರಿಯವನು ಕುಸಿದು ಕೂತಿದ್ದ.

"ನಮ್ಮೋರು ಬರ್ಬೇಡ ಅಂದಿದ್ರು," ಎಂದ. "ನಾನು ಬಂದಾಗೆಲ್ಲ ಸೋಲ್ತೀವಂತೆ. ಮಗ ಕೈ ಮುಗಿದು ಕೇಳ್ಕೊಂಡಿದ್ದ. ತಡೆಯೋಕಾಗ್ಲಿಲ್ಲ, ಕದ್ದು ಬಂದೆ. ಈಗ ಅವನಿಗೆ ಹೇಗೆ ಮುಖ ತೋರಿಸ್ಲಿ?"

ಆ ದಿನವೆಲ್ಲ ಬಂದ ಸಿಟ್ಟು ಒಂದು ತೂಕ, ಆಗ ಬಂದದ್ದೇ ಒಂದು ತೂಕ.

"ಒದ್ದೋರು ಅವರು, ಬಿಟ್ಟೋರು ಅವರು," ಎಂದು ಗದರಿದೆ. "ನೀವು ಇಲ್ಲಿ ಸುಮ್ನೆ ಕೂತಿದ್ರಿ. ನಿಮ್ಮದೇನ್ರೀ ತಪ್ಪು?"

ಅವನು ನನ್ನ ಕೈ ಹಿಡಿದು, ನೀವೂ ನಮ್ಮವರೇ, ನಿಮಗೆ ಅರ್ಥವಾಗುತ್ತದೆ ಎಂದು ಅತ್ತ. ನಾನು ಯಾರೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಮನೆಗೆ ಬಂದರೆ ಇಡೀ ಸಾಲೇ ನಮ್ಮ ನಡುಮನೆಯಲ್ಲಿ ಕುಣಿಯುತ್ತಿತ್ತು. ಹಟ ಬಿಟ್ಟು ದೂರ ಉಳಿದು ತಂಡವನ್ನು ಉಳಿಸಿದಿರಿ ಎಂದು ಕ್ಷೌರದವನು ಕೈ ಕುಲುಕಿದ. ತಡೆಯಲಾಗಲಿಲ್ಲ. ಎಲ್ಲಿ ಕೂತಿದ್ದೆನೆಂದು ಹೇಳಿಬಿಟ್ಟೆ. ಕುಣಿತ ನಿಂತಿತು. ಮಗಳ ಮುಖ ಸಣ್ಣಗಾಯಿತು. ಕ್ಷೌರದವನು ಮಾತ್ರ ಗಲ್ಲ ಕೆರೆದುಕೊಂಡು ಯೋಚಿಸಿದ.

"ಹಾಗಾದ್ರೆ ಮುಂದಿನ ವರ್ಷ ಪೂರ್ತಿ ನೀವು ಅಲ್ಲೇ ಕೂರಬೇಕು."

ಎಲ್ಲರೂ ಚಪ್ಪಾಳೆ ತಟ್ಟಿದರು. ಬೇಕರಿಯವನಿಗೆ ಹೇಳಿದ ಮಾತು ನನ್ನ ನಾಲಗೆಯ ತುದಿಯಲ್ಲೇ ಉಳಿಯಿತು. ಒದ್ದವರು ಅವರು, ಬಿಟ್ಟವರು ಅವರು.

ಮರುದಿನ ಶೆಡ್ಡಿನಲ್ಲಿ ನನ್ನ ದಿಂಬಿಗೆ ಬೂದು ರೆಕ್ಸಿನ್ ಹೊದಿಸುತ್ತಿದ್ದೆ. ಅವರ ನಡುವೆ ಹಸಿರು ಹಿಡಿದು ಕೂರಲಾದೀತೇ? ಹಳೆಯ ಹೊದಿಕೆ ಬಿಚ್ಚಲು ಕೈ ಬರದೆ ಅದರ ಮೇಲೆಯೇ ಹೊಲಿಯುತ್ತಿದ್ದೆ. ಮಗಳು ಬಸ್ಸನ್ನು ಡಿಪೋಗೆ ಬಿಟ್ಟು, ತನ್ನ ದಿಂಬು ಹಿಡಿದುಕೊಂಡು ಒಳಗೆ ಬಂದಳು.

"ಇದಕ್ಕೂ ಬೂದು ಹೊದಿಸು," ಎಂದಳು. "ನೀನೊಬ್ಬನೇ ಅಲ್ಲಿ ಕೂತಿದ್ದೆ ಅಂತ ತಿಳಿದು ರಾತ್ರಿಯೆಲ್ಲ ನಿದ್ದೆ ಬಂದಿಲ್ಲ ನಂಗೆ. ಇನ್ಮೇಲೆ ನಿನ್ನ ಪಕ್ಕದಲ್ಲೇ ಕೂರ್ತೀನಿ."

ಇಷ್ಟು ದಿನ ಕಾದದ್ದು ಈ ಒಂದು ಮಾತಿಗೆ. ಸೂಜಿ ಕೆಳಗಿಟ್ಟೆ. ತಲೆಯವರೆಗೂ ಬೆಂಕಿ ಏರಿತು.

"ತಲೆ ಕೆಟ್ಟಿದ್ಯಾ ನಿಂಗೆ?" ಎಂದು ಶೆಡ್ಡು ಅದುರುವಂತೆ ಕೂಗಿದೆ. "ಈಗ ತಾನೆ ಗೆಲ್ಲೋಕೆ ಶುರು ಮಾಡಿದೀವಿ. ಆ ಸೀಟಿಂದ ನೀನು ಅಲ್ಲಾಡಿದ್ರೆ ನೋಡು."

ಅವಳು ದಿಂಬನ್ನು ಎದೆಗವಚಿಕೊಂಡು ಹೊರಟುಹೋದಳು. ನಾನು ಸೂಜಿ ಎತ್ತಿಕೊಂಡು ಉಳಿದ ಅಂಚನ್ನು ಹೊಲಿದು ಮುಗಿಸಿದೆ.